ಭರಣಿಯಲ್ಲಿ ಇಡುವುದು, ಸಂಚಿಯಲ್ಲಿ ಒಯ್ಯುವುದು

ಪೈಪಿನ ತಂಬಾಕನ್ನು ಕೆಡದಂತೆ ಇಟ್ಟುಕೊಳ್ಳುವ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರುಗಳವು. ಚಳಿಗಾಲವಿಡೀ ಮನೆಯೊಳಗೆ ಹೀಟರ್ ಹಾಕಿಕೊಂಡಿರುವ ದೇಶಗಳಲ್ಲಿ ಗಾಳಿಯ ಪಸೆ ಆರಿಹೋಗಿ, ತೆರೆದಿಟ್ಟ ತಂಬಾಕು ಕೆಲವೇ ದಿನಗಳಲ್ಲಿ ಗರಿಗರಿಯಾಗಿ ಬೆರಳ ಸಂದಿಯಲ್ಲಿ ಪುಡಿಯಾಗುತ್ತದೆ. ಹಾಗಾಗಿ ಅಲ್ಲಿಯವರ ಚಿಂತೆಯೆಲ್ಲ ಅದರ ಹಸಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಆಗಿರುತ್ತದೆ. ಡಬ್ಬಿಯೊಳಗೆ ಒದ್ದೆ ಸ್ಪಂಜು ಇಡಿ, ನೀರಿನಲ್ಲಿ ನೆನೆಸಿದ ಮಣ್ಣಿನ ಬಿಲ್ಲೆ ಇಡಿ, ಒಂದು ಹೋಳು ಸೇಬು ಹಾಕಿ ಎಂಬ ಮಾತುಗಳೆಲ್ಲ ಅಲ್ಲಿಂದ ಬಂದವು. ವರ್ಷಕ್ಕೆ ಹತ್ತಿರ ಹತ್ತಿರ 3,800 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿದು ಮುಗಿಯುವ ಮಂಗಳೂರಿನಲ್ಲಿ ಈ ಸಲಹೆಯನ್ನು ಪಾಲಿಸಿದವರ ಡಬ್ಬಿಯಲ್ಲಿ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವುದರೊಳಗೆ ಬೂಷ್ಟು ಬೆಳೆದಿರುತ್ತದೆ. ಸೇಬಿನ ಹೋಳಂತೂ ಯಾವ ಊರಿಗೂ ಒಳ್ಳೆಯದಲ್ಲ. ಅದು ಕೊಡುವ ಪಸೆಗಿಂತ ಮೊದಲು ತಾನೇ ಕೊಳೆಯುತ್ತದೆ.

ಮೊನ್ನೆಯ ಮಳೆಗಾಲದಲ್ಲಿ ಉಡುಪಿಯಿಂದ ಫೋನು ಮಾಡಿದ ಭಾವ, ಮಾತಿನ ನಡುವೆ ಕೇಳಿದರು: "ಅಲ್ಲ ಭಾವ, ನಿಮ್ಮ ತಂಬಾಕಿಗೆ ಬೂಷ್ಟು ಬರುವುದಿಲ್ವಾ? ಇಲ್ಲಿ ನನ್ನ ಚರ್ಮದ ಬೆಲ್ಟಿಗೇ ಬಂದಿದೆ ಮಾರಾಯ್ರೆ." ಅವರು ಪೈಪು ಸೇದುವವರಲ್ಲ, ತಮಾಷೆಗೆ ಕೇಳಿದ್ದು. ಆದರೆ ಅದಕ್ಕೆ ಕೊಡಬೇಕಾದ ಉತ್ತರ ಸ್ವಲ್ಪ ಉದ್ದವಾದದ್ದು, ಫೋನಿನಲ್ಲಿ ಮುಗಿಯುವಂಥದ್ದಲ್ಲ.

ತಂಬಾಕಿನ ಎಲೆ ಒಣಗಿಸಿ ಹದ ಮಾಡಿದ ಮೇಲೂ ಸುತ್ತಲಿನ ಗಾಳಿಯ ಜೊತೆ ಲೇವಾದೇವಿ ನಿಲ್ಲಿಸುವುದಿಲ್ಲ. ಗಾಳಿಯಲ್ಲಿ ಪಸೆ ಹೆಚ್ಚಿದ್ದರೆ ಹೀರಿಕೊಳ್ಳುತ್ತದೆ, ಕಡಿಮೆಯಿದ್ದರೆ ಬಿಟ್ಟುಕೊಡುತ್ತದೆ, ಎರಡೂ ಕಡೆ ಸಮವಾಗುವವರೆಗೆ ಇದು ನಡೆಯುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 60ರಿಂದ 65ರ ಆಸುಪಾಸಿನಲ್ಲಿದ್ದರೆ ಪೈಪಿಗೆ ಬೇಕಾದ ಹದ ತಾನಾಗಿಯೇ ಬರುತ್ತದೆ. ಶೇಕಡಾ 70ನ್ನು ದಾಟಿ ವಾರಗಟ್ಟಲೆ ಅಲ್ಲೇ ನಿಂತರೆ ಬೂಷ್ಟಿಗೆ ದಾರಿಯಾಗುತ್ತದೆ. ನಮ್ಮ ಜುಲೈ ತಿಂಗಳ ಬೆಳಿಗ್ಗೆಗಳಲ್ಲಿ ಅದು ಶೇಕಡಾ 90ನ್ನು ಮೀರುವುದು ವಿಶೇಷವೇನಲ್ಲ. ಹದವನ್ನು ನೋಡಲು ಬೆರಳೇ ಸಾಕು: ಒಂದು ಚಿಟಿಕೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಬಿಟ್ಟಾಗ ಅದು ಮುದ್ದೆಯಾಗಿಯೇ ಉಳಿದರೆ ನೀರು ಹೆಚ್ಚಾಗಿದೆ, ಚಟಚಟನೆ ಮುರಿದರೆ ಒಣಗಿದೆ, ನಿಧಾನವಾಗಿ ಬಿಚ್ಚಿಕೊಂಡರೆ ಸರಿಯಾಗಿದೆ.

ಬೆರಳಿಗಿಂತ ನಿಖರವಾದದ್ದು ಬೇಕೆನ್ನುವವರಿಗೆ ಆರ್ದ್ರತೆ ಅಳೆಯುವ ಪುಟ್ಟ ಡಿಜಿಟಲ್ ಮಾಪಕಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಅಗ್ಗದ ಮಾಪಕಗಳು ಹೇಳುವ ಅಂಕಿಯನ್ನು ನಂಬುವ ಮೊದಲು ಪರೀಕ್ಷಿಸಬೇಕು, ಅದಕ್ಕೆ ಅಡುಗೆಮನೆಯ ಉಪ್ಪು ಸಾಕು. ಸೋಡಾ ಕುಪ್ಪಿಯ ಮುಚ್ಚಳವೊಂದರಲ್ಲಿ ಪುಡಿ ಉಪ್ಪು ತುಂಬಿ, ಅದು ಕರಗದೆ ಒದ್ದೆ ಮರಳಿನಂತೆ ಆಗುವಷ್ಟು ಮಾತ್ರ ನೀರು ಹನಿಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ಹಗಲು ಒಂದು ರಾತ್ರಿ ಬಿಡಬೇಕು. ಒದ್ದೆ ಉಪ್ಪಿನ ಮೇಲಿನ ಮುಚ್ಚಿದ ಗಾಳಿಯಲ್ಲಿ ಆರ್ದ್ರತೆ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ, ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಮಾಪಕ 71 ಎಂದು ತೋರಿಸಿದರೆ ಅದು ನಾಲ್ಕು ಕಡಿಮೆ ಹೇಳುತ್ತಿದೆ ಎಂದು ತಿಳಿದುಕೊಂಡರಾಯಿತು. ಮಳೆಗಾಲದಲ್ಲಿ ಕರಾವಳಿಯ ಉಪ್ಪು ನೀರೊಡೆಯುವುದರ ಹಿಂದೆಯೂ ಇದೇ ಗಣಿತವಿದೆ: ಗಾಳಿಯ ಪಸೆ 75ನ್ನು ಮೀರಿದ ಕ್ಷಣದಿಂದ ಶುದ್ಧ ಉಪ್ಪು ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳು ಸೇರಿರುವುದರಿಂದ ಅದು ಇನ್ನೂ ಮೊದಲೇ ಜಿನುಗುತ್ತದೆ. ಅಡುಗೆಮನೆಯ ಪುಡಿ ಉಪ್ಪು ಮುದ್ದೆಗಟ್ಟಿದ ದಿನ ತಂಬಾಕಿನ ಭರಣಿಯ ಮುಚ್ಚಳವನ್ನು ತೆರೆಯಬಾರದು ಎಂಬುದು ನನ್ನ ಮಟ್ಟಿಗೆ ಯಾವ ಯಂತ್ರಕ್ಕಿಂತಲೂ ನಂಬಿಕೆಯ ಸೂಚನೆ.

ಇದನ್ನೇ ತಿರುಗಿಸಿ ನೋಡಿದರೆ ನಮ್ಮ ಹವೆಯಲ್ಲಿ ಒಂದು ಅನುಕೂಲವೂ ಇದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಒಣ ಗಾಳಿ ಬೀಸುವ ದಿನಗಳಲ್ಲಿ, ಮಧ್ಯಾಹ್ನದ ಆರ್ದ್ರತೆ ಇಲ್ಲಿ ಶೇಕಡಾ 60ರ ಸುತ್ತಮುತ್ತ ಇರುತ್ತದೆ. ಅಂದರೆ ತಂಬಾಕಿಗೆ ಬೇಕಾದ ಗಾಳಿ ಕಿಟಕಿಯಿಂದಲೇ ಬರುತ್ತದೆ. ದೊಡ್ಡ ಡಬ್ಬಿಗಳನ್ನು ಒಡೆಯುವುದು, ಸಣ್ಣ ಕುಪ್ಪಿಗಳಿಗೆ ಹಂಚುವುದು, ಹಳೆಯದನ್ನು ಮೂಸಿ ನೋಡುವುದು ಇವೆಲ್ಲವನ್ನೂ ನಾನು ಆ ತಿಂಗಳುಗಳಿಗೆ ಮೀಸಲಿಟ್ಟಿದ್ದೇನೆ. ಆ ಗಾಳಿಯಲ್ಲಿ ಮುಚ್ಚಳ ಹಾಕಿದ ಭರಣಿಯೊಳಗೆ ಆ ಗಾಳಿಯೇ ಸಿಕ್ಕಿಕೊಂಡಿರುತ್ತದೆ. ಮುಚ್ಚಳ ಗಟ್ಟಿಯಿದ್ದರೆ ಹೊರಗೆ ಎಂಥ ಮಳೆ ಬಂದರೂ ಒಳಗೆ ಜನವರಿಯೇ.

ಹಾಗಿದ್ದರೂ ಜನರ ತಂಬಾಕು ಕೆಡುವುದು ಹೆಚ್ಚಾಗಿ ಭರಣಿಯ ದೋಷದಿಂದಲ್ಲ. ಇಡುವುದು ಮತ್ತು ಒಯ್ಯುವುದು ಎಂಬ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಪಾತ್ರೆಯಿಂದ ಮಾಡಿಸಲು ಹೊರಡುವುದರಿಂದ ಕೆಡುತ್ತದೆ. ಇಡುವ ಪಾತ್ರೆಯ ಗುಣವೆಂದರೆ ಅದು ತೆರೆಯದೇ ಇರುವುದು. ಒಯ್ಯುವ ಪಾತ್ರೆಯ ಗುಣವೆಂದರೆ ಸುಲಭವಾಗಿ ತೆರೆಯುವುದು. ಕರಾವಳಿಯ ಮನೆಗಳಲ್ಲಿ ಮಿಡಿ ಉಪ್ಪಿನಕಾಯಿಯನ್ನು ದೊಡ್ಡ ಭರಣಿಯಲ್ಲಿ ಬಟ್ಟೆ ಕಟ್ಟಿ ಅಟ್ಟದ ಮೂಲೆಯಲ್ಲಿಟ್ಟು, ಊಟಕ್ಕೆ ಬೇಕಾದಷ್ಟನ್ನು ಒಣ ಸೌಟಿನಿಂದ ಸಣ್ಣ ಕುಪ್ಪಿಗೆ ತೆಗೆದುಕೊಂಡು, ಆ ಕುಪ್ಪಿಯಲ್ಲಿ ಉಳಿದದ್ದನ್ನು ಎಂದಿಗೂ ಭರಣಿಗೆ ಮರಳಿ ಹಾಕದೆ ಇರುವ ಕ್ರಮ ಉಂಟಲ್ಲ, ಪೈಪಿನ ತಂಬಾಕಿಗೂ ಅದೇ ಕ್ರಮ ಸರಿ. ಜೇಬಿನಲ್ಲಿ ಸುತ್ತಾಡಿ ಬಂದ ತಂಬಾಕು ಬೆವರು, ಮಳೆ, ಬೆರಳಿನ ಎಣ್ಣೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಂದಿರುತ್ತದೆ. ಅದನ್ನು ಭರಣಿಗೆ ಹಾಕಿದರೆ ಉಳಿದದ್ದಕ್ಕೂ ಹಂಚಿದಂತಾಗುತ್ತದೆ.

ಇಡಲು ಗಾಜಿಗಿಂತ ಒಳ್ಳೆಯದಿಲ್ಲ. ರಬ್ಬರ್ ಬಳೆಯಿರುವ, ತಂತಿಯ ಕೊಕ್ಕೆಯಿಂದ ಬಿಗಿಯುವ ಗಾಜಿನ ಭರಣಿ ಆಗಬಹುದು; ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ ಎಂಬಾತ 1858ರಲ್ಲಿ ಪೇಟೆಂಟ್ ಪಡೆದ ತಿರುಪಿನ ಮುಚ್ಚಳದ ಜಾರ್‌ಗಳ ಮಾದರಿಯೂ ಆಗಬಹುದು. ಎರಡೂ ನಮ್ಮ ಬಂದರಿನ ಪಾತ್ರೆ ಅಂಗಡಿಗಳಲ್ಲಿ ಈಗ ಕಷ್ಟವಿಲ್ಲದೆ ಸಿಗುತ್ತವೆ. ಗಾಜು ವಾಸನೆ ಹಿಡಿದಿಟ್ಟುಕೊಳ್ಳುವುದಿಲ್ಲ, ತನ್ನ ವಾಸನೆ ಕೊಡುವುದೂ ಇಲ್ಲ. ಆದರೆ ಹಿಂದೆ ಹೊಗೆಯ ಘಾಟಿರುವ ಲಟಾಕಿಯ ಎಂಬ ಬಗೆಯ ತಂಬಾಕು ಇಟ್ಟಿದ್ದ ಭರಣಿಯಲ್ಲಿ ಸೌಮ್ಯವಾದ ವರ್ಜೀನಿಯಾ ತಂಬಾಕು ಇಡುವುದಾದರೆ ರಬ್ಬರ್ ಬಳೆಯನ್ನು ಬದಲಿಸುವುದು ಒಳ್ಳೆಯದು, ಏಕೆಂದರೆ ಘಾಟು ಗಾಜಿನಲ್ಲಿ ಉಳಿಯದಿದ್ದರೂ ರಬ್ಬರಿನಲ್ಲಿ ಉಳಿಯುತ್ತದೆ. ತೊಳೆದ ಭರಣಿಯಲ್ಲಿ ಒಂದು ಹನಿ ನೀರೂ ಉಳಿಯಬಾರದು, ಬಿಸಿಲಿಲ್ಲದ ದಿನಗಳಲ್ಲಿ ತೊಳೆಯುವ ಸಾಹಸಕ್ಕೇ ಹೋಗಬಾರದು. ತುಂಬಿದ ಮೇಲೆ ಕತ್ತಲೆಯ ಕಪಾಟಿನಲ್ಲಿಡಬೇಕು: ಬೆಳಕು ಬಣ್ಣವನ್ನೂ ಪರಿಮಳವನ್ನೂ ತಿನ್ನುತ್ತದೆ, ಬಿಸಿಲು ತಾಗುವ ಗೋಡೆಯ ಕಪಾಟಾದರೆ ಹಗಲು ಭರಣಿಯ ಒಂದು ಬದಿ ಬಿಸಿಯಾಗಿ ರಾತ್ರಿ ತಣಿದಾಗ ಒಳಗಿನ ಪಸೆ ಗಾಜಿನ ಮೇಲೆ ಹನಿಗಟ್ಟುತ್ತದೆ. ಸಿಗಾರ್‌ಗೆ ಮಾಡಿದ ದೇವದಾರು ಪೆಟ್ಟಿಗೆಗಳನ್ನು ಪೈಪಿನ ತಂಬಾಕಿಗೆ ಬಳಸುವವರಿದ್ದಾರೆ, ನೋಡಲು ಚೆಂದವೂ ಹೌದು. ಆದರೆ ಮರ ಪಸೆಯನ್ನು ಹೀರುತ್ತದೆ, ತನ್ನ ಪರಿಮಳವನ್ನು ತಂಬಾಕಿಗೆ ಬಳಿಯುತ್ತದೆ. ಸಿಗಾರ್‌ಗೆ ಅದು ಶೋಭೆ, ಇದಕ್ಕೆ ಕಲಬೆರಕೆ.

ಹಿಂದಿನ ಕಾಲದ ಯುರೋಪಿನವರು ಈ ಕಷ್ಟಕ್ಕೆ ಕಂಡುಕೊಂಡ ಉಪಾಯಗಳೂ ಕುತೂಹಲದವು. ಡಚ್ಚರ ಡೆಲ್ಫ್ಟ್ ಊರಿನಲ್ಲಿ ನೀಲಿ ಚಿತ್ರದ ಪಿಂಗಾಣಿ ಭರಣಿಗಳಿಗೆ ಹಿತ್ತಾಳೆಯ ಮುಚ್ಚಳ ಕೂರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಸೀಸದ ಪೆಟ್ಟಿಗೆಗಳಿದ್ದವು, ಅವುಗಳೊಳಗೆ ತಂಬಾಕಿನ ಮೇಲೆಯೇ ಕೂರುವ ಸೀಸದ ಎರಡನೆಯ ಮುಚ್ಚಳ ಇರುತ್ತಿತ್ತು. ತಂಬಾಕು ಕಡಿಮೆಯಾದಂತೆ ಅದೂ ಕೆಳಗಿಳಿದು, ಮೇಲೆ ಗಾಳಿಗೆ ಜಾಗ ಬಿಡುತ್ತಿರಲಿಲ್ಲ. ಸೀಸದ ವಿಷದ ವಿಚಾರ ಬಿಟ್ಟರೆ ಕಲ್ಪನೆ ಬಹಳ ಸರಿಯಾದದ್ದು. ಅರ್ಧ ಖಾಲಿಯಾದ ದೊಡ್ಡ ಭರಣಿಗಿಂತ ಪೂರ್ತಿ ತುಂಬಿದ ಎರಡು ಸಣ್ಣ ಕುಪ್ಪಿ ಮೇಲು ಎಂಬುದೂ ಅದೇ ಲೆಕ್ಕ.

ಅಂಗಡಿಯಿಂದ ಬಂದ ತಗಡಿನ ಡಬ್ಬಿಯಲ್ಲಿಯೇ ಬಿಟ್ಟರೆ ಆಗದೇ ಎಂದು ಕೇಳಬಹುದು. ಒಳಗಿನ ಗಾಳಿಯನ್ನು ಎಳೆದು ಮುಚ್ಚಿದ ಗುಂಡು ಡಬ್ಬಿ ಬೇರೆ ಊರುಗಳಲ್ಲಿ ವರ್ಷಗಟ್ಟಲೆ ಇರುತ್ತದೆ. ಅಂಚಿಗೆ ನಾಣ್ಯ ತಿರುವಿದಾಗ ಬರುವ 'ಸುಸ್ಸ್' ಎಂಬ ಶಬ್ದ ಆ ಮುಚ್ಚಳ ಇನ್ನೂ ನಿಷ್ಠೆಯಿಂದ ಇತ್ತು ಎಂಬುದಕ್ಕೆ ಸಾಕ್ಷಿ. ಪಣಂಬೂರು, ಮಲ್ಪೆಗಳ ಉಪ್ಪುಗಾಳಿ ಸ್ಕೂಟರಿನ ಮಡ್‌ಗಾರ್ಡನ್ನೇ ಬಿಡುವುದಿಲ್ಲವಾದ್ದರಿಂದ ತೆಳುತಗಡಿನ ಅಂಚನ್ನು ಬಿಡುತ್ತದೆಂದು ನಂಬುವುದು ಕಷ್ಟ. ಸೂಜಿಮೊನೆಯಷ್ಟು ತುಕ್ಕು ತೂತಾದರೂ ಡಬ್ಬಿಯ ಬಿಗಿ ಹೋಯಿತು, ಹೊರಗಿನಿಂದ ನೋಡಿದವರಿಗೆ ಅದು ಕಾಣುವುದೂ ಇಲ್ಲ. ಚೌಕದ ಡಬ್ಬಿಗಳ ಮೂಲೆಗಳಲ್ಲಿ ಬಿಗಿ ಇನ್ನೂ ಕಡಿಮೆ.

ಇಷ್ಟೆಲ್ಲ ಜತನ ಮಾಡಲು ಒಂದು ಲೌಕಿಕ ಕಾರಣವೂ ಇದೆ. ಈ ಊರಿನಲ್ಲಿ ಬೀದಿಗೊಂದು ಬೀಡಿ ಸಿಗರೇಟಿನ ಗೂಡಂಗಡಿ ಇದ್ದರೂ ಒಳ್ಳೆಯ ಪೈಪ್ ತಂಬಾಕು ಸಿಗುವುದು ಅಪರೂಪ. ನನ್ನಂಥವರ ಕೈಗೆ ಬರುವುದು ಹೆಚ್ಚಾಗಿ ಗಲ್ಫ್‌ನಿಂದ ರಜೆಯಲ್ಲಿ ಬರುವ ನೆಂಟರ ಪೆಟ್ಟಿಗೆಯಿಂದ. ಹೊರದೇಶದಿಂದ ಬರುವವರೊಬ್ಬರು ಸುಂಕವಿಲ್ಲದೆ ತರಬಹುದಾದದ್ದು 125 ಗ್ರಾಂ ತಂಬಾಕು. 50 ಗ್ರಾಮಿನ ಡಬ್ಬಿಗಳಾದರೆ ಎರಡು, ಮೂರನೆಯದಕ್ಕೆ ಬಜ್ಪೆ ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಮುಂದೆ ಲೆಕ್ಕ ಕೊಡಬೇಕು. ಪೈಪಿನ ಗುಂಡಿಗೆ ಒಮ್ಮೆಗೆ ಎರಡು ಮೂರು ಗ್ರಾಂ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಒಂದು ಡಬ್ಬಿ ಇಪ್ಪತ್ತು ಸಲಕ್ಕೆ ಸಾಕಾದೀತು. ದಿನವೂ ಸೇದದೆ ಭಾನುವಾರಕ್ಕೊಮ್ಮೆ ಸೇದುವವರಿಗೆ ಅದೇ ಹಲವು ತಿಂಗಳ ಸರಕು, ಎರಡು ಡಬ್ಬಿಯಾದರೆ ನಡುವೆ ಮಳೆಗಾಲ ಬಂದೇ ಬರುತ್ತದೆ.

ಭರಣಿ ತೆರೆದಾಗ ಎಲೆಯ ಮೇಲೆ ಬಿಳಿ ಕಂಡರೆ ಗಾಬರಿಯಾಗುವ ಮೊದಲು ಭೂತಗನ್ನಡಿ ತರಬೇಕು. ವರ್ಜೀನಿಯಾ ಎಲೆಯಲ್ಲಿ ಸಕ್ಕರೆಯ ಅಂಶ ಹೆಚ್ಚು. ಎಲೆಗಳನ್ನು ಒತ್ತಿ ಹಲಗೆಯಂತೆ ಮಾಡಿ ತೆಳ್ಳಗೆ ಕೊಯ್ದ ಫ್ಲೇಕ್‌ಗಳು ವರ್ಷಗಟ್ಟಲೆ ಮುಚ್ಚಿದ ಭರಣಿಯಲ್ಲಿದ್ದಾಗ ಬಣ್ಣ ಕಪ್ಪಗಾಗಿ, ಮೇಲ್ಮೈಯಲ್ಲಿ ಸಣ್ಣ ಹರಳುಗಳು ಮೂಡುವುದುಂಟು. ಅವು ಬೆಳಕಿಗೆ ಮಿನುಗುತ್ತವೆ, ಎಲೆಗೆ ಅಂಟಿಕೊಂಡೇ ಇರುತ್ತವೆ, ವಾಸನೆ ಒಣದ್ರಾಕ್ಷಿಯ ಕಡೆಗಿರುತ್ತದೆ. ಬೂಷ್ಟು ಮಿನುಗುವುದಿಲ್ಲ; ಬೂದಿ ಅಥವಾ ಹಸಿರು ಬಣ್ಣದ ನವಿರಾದ ಎಳೆಗಳು ಒಂದು ತುಂಡಿನಿಂದ ಇನ್ನೊಂದಕ್ಕೆ ಹಬ್ಬಿರುತ್ತವೆ, ಮುಚ್ಚಳ ತೆಗೆದ ಕೂಡಲೇ ಹಳೆಯ ಚಾಪೆಯ ಮುಗ್ಗಲು ಮೂಗಿಗೆ ಬಡಿಯುತ್ತದೆ. ಹಾಗೆ ಕಂಡರೆ ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಚೌಕಾಸಿಗೆ ಹೋಗದೆ ಇಡೀ ಭರಣಿಯನ್ನೇ ತಿಪ್ಪೆಗೆ ಸುರಿಯಬೇಕು. ವೆನಿಲ್ಲಾ, ಚೆರ್ರಿ ಮುಂತಾದ ಪರಿಮಳ ಹಾಕಿದ ತಂಬಾಕುಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಹಸಿ ಉಳಿಯಲೆಂದು ಬೆರೆಸಿರುವುದು ಸಾಮಾನ್ಯ. ಅದು ಬೂಷ್ಟನ್ನೂ ತಡೆಯುವುದರಿಂದ ಅವು ನಮ್ಮ ಮಳೆಗಾಲವನ್ನು ಸುಲಭವಾಗಿ ದಾಟುತ್ತವೆ. ಇಂಗ್ಲೆಂಡಿನ ಕೆಂಡಲ್ ಊರಿನ ಹಳೆಯ ಶೈಲಿಯ ಫ್ಲೇಕ್‌ಗಳು ಮಾತ್ರ ಡಬ್ಬಿಯಿಂದ ಬರುವಾಗಲೇ ಒದ್ದೆಯಾಗಿರುತ್ತವೆ, ಅವುಗಳನ್ನು ಭರಣಿಗೆ ಸೇರಿಸುವ ಮೊದಲು ಜನವರಿಯ ಗಾಳಿಯಲ್ಲಿ ಸ್ವಲ್ಪ ಆರಿಸುವುದು ಕ್ಷೇಮ.

ಇನ್ನೊಂದು ಶತ್ರು ಹುಳ. ಲೇಸಿಯೋಡರ್ಮಾ ಎಂಬ ಕಂದು ಬಣ್ಣದ, ಎಳ್ಳುಕಾಳಿಗಿಂತ ದೊಡ್ಡದಲ್ಲದ ಈ ದುಂಬಿಗೆ ತಂಬಾಕಿನ ದುಂಬಿ ಎಂದೇ ಹೆಸರಿದ್ದರೂ ಅರಸಿನ, ಶುಂಠಿ, ಮೆಣಸಿನ ಪುಡಿ ಯಾವುದೂ ಅದಕ್ಕೆ ವರ್ಜ್ಯವಲ್ಲ. ವರ್ಷವಿಡೀ ಸೆಕೆಯಿರುವ ನಮ್ಮ ಅಡುಗೆಮನೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆದ್ದರಿಂದ ಮಸಾಲೆಯ ಕಪಾಟು ಮತ್ತು ತಂಬಾಕಿನ ಕಪಾಟು ಬೇರೆ ಇರುವುದು ಇಬ್ಬರಿಗೂ ಒಳ್ಳೆಯದು. ತಂಬಾಕಿನ ಕಪಾಟು ಎತ್ತರದಲ್ಲಿರಬೇಕು ಎಂಬುದಕ್ಕೆ ಬೇರೆ ಕಾರಣವಿದೆ. ಚಾಕೊಲೇಟಿನ ಪರಿಮಳ ಬರುವ ಕಂದು ಪದಾರ್ಥವನ್ನು ಜಾಮ್ ಕುಪ್ಪಿಯಂಥದರಲ್ಲಿ ಇಟ್ಟರೆ ಮಕ್ಕಳಿಗೆ ಅದು ತಿಂಡಿಯೇ; ನುಂಗಿದ ನಿಕೋಟಿನ್ ಮಕ್ಕಳಿಗೆ ವಿಷ. ದೊಡ್ಡವರಿಗೂ ಇದು ಅಮೃತವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪೈಪಿನ ಹೊಗೆಯನ್ನು ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ, ಸೇದದವರು ಶುರುಮಾಡಲಿ ಎಂದು ನಾನು ಇದನ್ನು ಬರೆಯುತ್ತಿಲ್ಲ.

ತಂಬಾಕಿನ ಹದದ ಬಗ್ಗೆ ಈ ಜಿಲ್ಲೆಗಳಲ್ಲಿ ನಿಜವಾಗಿ ತಿಳಿದವರು ಪೈಪು ಸೇದುವ ನಾವಲ್ಲ, ಬೀಡಿ ಕಟ್ಟುವ ಹೆಂಗಸರು. ನಮ್ಮ ಹಿಂದಿನ ಮನೆಯ ಅಕ್ಕ ಜಗಲಿಯಲ್ಲಿ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟು ಕುಳಿತಿರುವಾಗ ನೋಡಿದರೆ ಎರಡು ವಿರುದ್ಧ ಹವೆಗಳು ಅವರ ಒಂದೇ ತಡ್ಪೆಯಲ್ಲಿರುತ್ತವೆ. ಎಲೆ ಮಡಿಸಿದರೆ ಒಡೆಯದಂತೆ ಮೆತ್ತಗಿರಬೇಕು, ಅದಕ್ಕಾಗಿ ಅದನ್ನು ನೀರಿನಲ್ಲಿ ನೆನೆಸಿ ಗೋಣಿಬಟ್ಟೆಯಲ್ಲಿ ಸುತ್ತಿಡುತ್ತಾರೆ. ಒಳಗೆ ತುಂಬುವ ಹೊಗೆಸೊಪ್ಪು ಒಣಗಿರಬೇಕು, ಅದು ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ, ಒಮ್ಮೆಗೆ ಒಂದು ಹಿಡಿಯಷ್ಟು ಮಾತ್ರ ತಡ್ಪೆಗೆ ಬರುತ್ತದೆ. ಕಟ್ಟಿದ ಬೀಡಿ, ಅದನ್ನು ತೆಗೆದುಕೊಳ್ಳುವ ಬ್ರಾಂಚಿಗೆ ಹೋಗುವವರೆಗೆ ಮಳೆಯ ಎರಚಲು ತಾಗಬಾರದು, ಚಂಡಿಯಾದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ, ಕೂಲಿ ಹೋಯಿತು. ಇಡುವ ಚೀಲ ಬೇರೆ, ಕೈಗೆ ಸಿಗುವ ಹಿಡಿ ಬೇರೆ ಎಂಬ ಶಿಸ್ತು ಅವರಿಗೆ ಹೊಟ್ಟೆಪಾಡಿನಿಂದ ಬಂದದ್ದು. ಈ ನೆಲದಲ್ಲಿ ಹೊಗೆಸೊಪ್ಪು ಹೊಟ್ಟೆಪಾಡಿನ ವಿಷಯವಾಗಿರುವುದು ಇಂದು ನಿನ್ನೆಯ ಸಂಗತಿಯೂ ಅಲ್ಲ: ಸುಳ್ಯದಿಂದ ಹೊರಟು ಮಂಗಳೂರಿನ ಬಾವುಟಗುಡ್ಡೆಯವರೆಗೆ ಬಂದ 1837ರ ದಂಗೆಯ ಹಿಂದಿದ್ದ ಸಿಟ್ಟಿನಲ್ಲಿ ಕಂದಾಯದ ಜೊತೆಗೆ ಉಪ್ಪು ಮತ್ತು ಹೊಗೆಸೊಪ್ಪಿನ ಮೇಲಿನ ಕಂಪನಿ ಸರಕಾರದ ಹಿಡಿತವೂ ಸೇರಿತ್ತು.

ಒಯ್ಯುವ ವಿಚಾರಕ್ಕೆ ಬಂದರೆ, ಪೈಪಿನವರ ಸಂಚಿಗಳಲ್ಲಿ ಬಗೆಗಳಿವೆ. ಚರ್ಮದ ಉದ್ದ ಪಟ್ಟಿಯ ತಳದಲ್ಲಿ ತಂಬಾಕು ಹಾಕಿ ಸುರುಳಿ ಸುತ್ತುವಂಥದ್ದು ಹಳೆಯ ಬಗೆ, ಜಿಪ್ ಇರುವ ಚೀಲ ಹೊಸದು. ಸಂಚಿಯ ಹೊರಮೈಗಿಂತ ಒಳಪದರ ಮುಖ್ಯ. ತೆಳುವಾದ ರಬ್ಬರ್ ಪದರದ ಸಂಚಿಗಳು ತಂಪು ದೇಶದಲ್ಲಿ ಚೆನ್ನಾಗಿರಬಹುದು, ನಮ್ಮ ಏಪ್ರಿಲ್ ಸೆಕೆಗೆ ಆ ರಬ್ಬರ್ ಅಂಟಂಟಾಗಿ ಕೊನೆಗೆ ತಂಬಾಕಿನೊಳಗೆ ಉದುರುತ್ತದೆ. ಬರಿಯ ಚರ್ಮದ್ದಾದರೆ ಗಾಳಿಯಾಡುತ್ತದೆ. ನನ್ನ ಅಜ್ಜ ಎಲೆಯಡಿಕೆಯ ಜೊತೆ ಹಾಕುವ ಹೊಗೆಸೊಪ್ಪನ್ನು ಅಡಿಕೆ ಹಾಳೆಯ ತುಂಡಿನಲ್ಲಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು, ಅದರಲ್ಲಿ ಅಂದಿನ ದಿನಕ್ಕೆ ಬೇಕಾದಷ್ಟೇ ಇರುತ್ತಿತ್ತು, ಸಂಜೆಗೆ ಖಾಲಿ. ಸಂಚಿ ಯಾವುದಾದರೂ ಆಗಲಿ, ಅಷ್ಟೇ ಒಯ್ದರೆ ಒಳಪದರದ ಚರ್ಚೆಗೆ ಅರ್ಥ ಉಳಿಯುವುದಿಲ್ಲ. ನಾನಂತೂ ಹೊರಗೆ ಹೋಗುವಾಗ ಎರಡು ಸಲಕ್ಕಾಗುವ ಫ್ಲೇಕ್‌ಗಳನ್ನು ಬೆಣ್ಣೆಕಾಗದದಲ್ಲಿ ಮಡಚಿ, ಖಾಲಿಯಾದ ಪೆಪ್ಪರ್‌ಮಿಂಟ್ ಡಬ್ಬಿಯೊಂದರಲ್ಲಿ ಇಡುತ್ತೇನೆ. ಫ್ಲೇಕ್‌ಗೆ ಒಯ್ಯುವುದರಲ್ಲಿ ಒಂದು ಸೌಲಭ್ಯವಿದೆ: ಒತ್ತಿದ ಹಲಗೆಯಾದ್ದರಿಂದ ಅದರ ಹೊರಮೈ ಮಾತ್ರ ಗಾಳಿಗೆ ಸಿಗುತ್ತದೆ, ಬಿಡಿಬಿಡಿಯಾದ ಎಳೆ ತಂಬಾಕಿನಂತೆ ಪ್ರತಿ ಎಳೆಯೂ ಮಳೆಗಾಲದ ಗಾಳಿಯನ್ನು ಕುಡಿಯುವುದಿಲ್ಲ. ಹಡಗಿನವರು ಹಿಂದೆ ಹಗ್ಗದಂತೆ ಹೆಣೆದ, ಇಲ್ಲವೇ ಇಟ್ಟಿಗೆಯಂತೆ ಒತ್ತಿದ ತಂಬಾಕನ್ನು ಚಾಕುವಿನಲ್ಲಿ ಹೆರೆದುಕೊಳ್ಳುತ್ತಿದ್ದುದೂ ಸಮುದ್ರದ ಗಾಳಿಗೆ ಹೊಂದಿಕೊಂಡ ವ್ಯವಸ್ಥೆಯೇ.

ಅಂಗಿಯ ಜೇಬು ಒಯ್ಯುವುದಕ್ಕೆ ಕೆಟ್ಟ ಜಾಗ, ಮೈಯ ಬೆವರು ನೇರವಾಗಿ ತಾಗುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಕೆಟ್ಟದ್ದು, ಕದ್ರಿ ಗುಡ್ಡದ ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರಿನೊಳಗೆ ತಂಬಾಕು ಬೆಂದೇ ಹೋಗುತ್ತದೆ. ಹೆಗಲ ಚೀಲದ ಒಳ ಖಾನೆ ಸಾಕು. ಹೇಗಿದ್ದರೂ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ನಿಷೇಧವಿರುವುದರಿಂದ, ಉಡುಪಿ ಬಸ್ಸು ಹತ್ತುವವನಿಗೆ ದಾರಿಯಲ್ಲಿ ಹೆಚ್ಚು ತಂಬಾಕಿನ ಕೆಲಸವೂ ಇಲ್ಲ. ತಲುಪಿದ ಮೇಲೆ ಯಾರದಾದರೂ ತೋಟದ ಮೂಲೆ ಸಿಕ್ಕಿದರೆ ಸಿಕ್ಕಿತು. ವಿಮಾನದಲ್ಲಿ ಹೋಗುವುದಾದರೆ ಪೈಪೂ ತಂಬಾಕೂ ಹೋಗಬಹುದು, ಬೆಂಕಿಪೆಟ್ಟಿಗೆ, ಲೈಟರ್ ಹೋಗುವಂತಿಲ್ಲ.

ಮಳೆಗಾಲದಲ್ಲಿ ಸೇದುವ ಮೊದಲು ಆರಿಸುವ ಕೆಲಸ ಒಂದು ಉಳಿಯುತ್ತದೆ. ಒದ್ದೆ ತಂಬಾಕು ಉರಿಯುವುದಿಲ್ಲ, ಬೇಯುತ್ತದೆ. ಅದರ ಆವಿ ನಾಲಗೆಯನ್ನು ಸುಡುತ್ತದೆ, ಪೈಪಿನ ಕೊಳವೆಯಲ್ಲಿ ನೀರು ಗುಳುಗುಳು ಎನ್ನುತ್ತದೆ, ಕಡ್ಡಿಯ ಮೇಲೆ ಕಡ್ಡಿ ಗೀರಬೇಕಾಗುತ್ತದೆ. ಒಣ ಊರಿನವರು ತಟ್ಟೆಯಲ್ಲಿ ಹರಡಿ ಅರ್ಧ ಗಂಟೆ ಬಿಡಿ ಎನ್ನುತ್ತಾರೆ. ಇಲ್ಲಿ ಜುಲೈಯಲ್ಲಿ ಹರಡಿಟ್ಟರೆ ಅದು ಇನ್ನಷ್ಟು ಒದ್ದೆಯಾಗುತ್ತದೆ. ಓದುವ ಮೇಜಿನ ಹಳೆಯ ಮಾದರಿಯ ಬಲ್ಬಿನ ಕೆಳಗೆ, ಕೈಗೆ ಹಿತವಾಗುವಷ್ಟು ಬಿಸಿಯಲ್ಲಿ, ಕಾಗದದ ಮೇಲೆ ಹತ್ತು ನಿಮಿಷ ಇಟ್ಟರೆ ಸಾಕು. ಎಸಿ ಹಾಕಿದ ಕೋಣೆಯಾದರೆ ಇನ್ನೂ ಸುಲಭ. ಎಲ್‌ಇಡಿ ಬಲ್ಬುಗಳಿಂದ ಈ ಉಪಕಾರ ಆಗುವುದಿಲ್ಲ.

ಸಂಚಿಯನ್ನೂ ನೋಡಿಕೊಳ್ಳಬೇಕು, ಏಕೆಂದರೆ ಚರ್ಮದ ಮೇಲೆ ಬಂದ ಬೂಷ್ಟು ಮುಂದಿನ ತಂಬಾಕಿಗೆ ಬೀಜವಾಗುತ್ತದೆ. ಮೇ ತಿಂಗಳ ಕೊನೆಗೆ ಅದನ್ನು ಮಗುಚಿ, ಹೊಲಿಗೆಯ ಸಂದಿಯಲ್ಲಿ ಸೇರಿದ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಿ, ಒಣ ಬಟ್ಟೆಯಲ್ಲಿ ಒರೆಸಿ, ತಂಬಾಕಿಲ್ಲದೆ ಖಾಲಿಯಾಗಿ ಕಾಗದದಲ್ಲಿ ಸುತ್ತಿ ಭರಣಿಗಳ ಕಪಾಟಿನಲ್ಲಿಡುತ್ತೇನೆ. ಭರಣಿಯ ಒಳಗೆ ಸಿಲಿಕಾ ಜೆಲ್ ಹಾಕುವುದು ಸಲ್ಲದು, ಅದು ತಂಬಾಕನ್ನು ಒಣಹುಲ್ಲು ಮಾಡಿಬಿಡುತ್ತದೆ. ಕಪಾಟಿನ ಮೂಲೆಯಲ್ಲಿ, ಸಂಚಿಯ ಪಕ್ಕದಲ್ಲಿ ಅದರ ಒಂದೆರಡು ಪೊಟ್ಟಣ ಇರಬಹುದು. ನವರಾತ್ರಿಯ ಹೊತ್ತಿಗೆ ಮಳೆ ಹಿಂದೆ ಸರಿದ ಮೇಲೆ ಸಂಚಿ ಮತ್ತೆ ಹೊರಗೆ ಬರುತ್ತದೆ, ಅಲ್ಲಿಯವರೆಗೆ ಪೆಪ್ಪರ್‌ಮಿಂಟ್ ಡಬ್ಬಿಯೇ ಕೆಲಸ ಮಾಡುತ್ತದೆ.